ಮೆತ್ತನೆಯ ಸೈಕಲ್ಲು

ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟ ಮಲಕಾಜಪ್ಪನಿಗೆ ಮೂವತ್ತು ವರ್ಷಗಳಿಂದ ಒಂದೇ ಚಾಳಿ. ಏನನ್ನೇ ಕೊಡಿ, ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡುವವನು. ಮೆತ್ತಗಿದ್ದರೆ ಚಲೋ ಮಾಲು, ಬಿರುಸಾಗಿದ್ದರೆ ವಾಪಸ್ಸು. ಹೋಗಿ ಹೋಗಿ ಆ ಚಾಳಿಯನ್ನು ರೇಸಿನ ಸೈಕಲ್ಲಿಗೂ ಹಚ್ಚಿದ, ಪುಣ್ಯಾತ್ಮ.

ಮಗಳು ಪ್ರಣಿತಾಳ ಹಳೆಯ ಸೈಕಲ್ಲು ಬಿರುಕು ಬಿಟ್ಟಿತ್ತು. ಪುಣೆಯ ಸೈಕಲ್ ರೇಸಿನ ತರಬೇತಿ ಶಿಬಿರದಿಂದ ಅವಳು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಳು: "ಅಪ್ಪಾ, ಅಂಗಡ್ಯಾಗ ಎರಡು ಕಾರ್ಬನ್ ಸೈಕಲ್ ತೋರಸ್ತಾರ. ಬಿರುಸು ಇದ್ದದ್ದ ತಗೋರಿ. ನಾ ತುಳಿದಷ್ಟೂ ಗಾಲಿಗೆ ಮುಟ್ಟಬೇಕು." ರಾಜ್ಯ ತಂಡ ಸೇರಲು ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ.

ಸೈಕಲ್ ಅಂಗಡಿಯ ಅಮೋಲ್ ಎರಡನ್ನೂ ಹೊರಗೆ ನಿಲ್ಲಿಸಿದ. ಮಲಕಾಜಪ್ಪ ಒಂದೊಂದನ್ನೂ ಹತ್ತಿ ಕೆಟ್ಟ ರಸ್ತೆಯಲ್ಲಿ ಸುತ್ತು ಹೊಡೆದ. ಬಿರುಸಿನದು ಪ್ರತಿ ಕಲ್ಲನ್ನೂ ತಂದು ಬೆನ್ನಿಗೆ ಬಡಿಯಿತು. ಇನ್ನೊಂದು ಗುಂಡಿಯನ್ನೇ ನುಂಗಿಬಿಟ್ಟಿತು. ಹೋದ ವರ್ಷ ಮಗಳು ಬೆನ್ನು ನೋವಿನಿಂದ ಗೋಡೆ ಹಿಡಿದು ನಡೆದದ್ದು ಅವನಿಗೆ ನೆನಪಾಯಿತು.

"ಇದು ದೂರದ ಸವಾರಿಗೆ ಚಲೋ ಐತ್ರಿ ಕಾಕಾ. ರೇಸಿಗೆ ಆ ಬಿರುಸಿನದ ಬೇಕು," ಎಂದ ಅಮೋಲ್.

"ನನ್ನ ಮಗಳ ಬೆನ್ನು ನನಗ ಗೊತ್ತೈತಿ. ಇದನ್ನ ಕಟ್ಟು."

ಆಯ್ಕೆಯ ಪಂದ್ಯಕ್ಕೆ ಎರಡೇ ದಿನ ಇರುವಾಗ ಪ್ರಣಿತಾ ಬಂದಳು. ಬಿರುಸಿನದು ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಹೊಸದನ್ನು ಓಣಿಯಲ್ಲಿ ತುಳಿದು ನೋಡಿ, "ಇರ್ಲಿ ಬಿಡ್ರಿ," ಎಂದಳು.

ಅಕ್ಕಲಕೋಟ ರಸ್ತೆಯ ಪಂದ್ಯದಲ್ಲಿ ಕೊನೆಯ ಇನ್ನೂರು ಮೀಟರಿನವರೆಗೂ ಅವಳೇ ಮುಂದಿದ್ದಳು. ಅಲ್ಲಿಂದ ಎದ್ದು ನಿಂತು ಜೀವ ಬಿಟ್ಟು ತುಳಿದಳು. ಆ ಬಲವೆಲ್ಲ ಸೈಕಲ್ಲಿನ ಮೈಯಲ್ಲೇ ಕರಗಿದಂತೆ ರಸ್ತೆ ಬದಿಯಲ್ಲಿದ್ದ ಮಲಕಾಜಪ್ಪನಿಗೂ ಕಂಡಿತು. ಅರ್ಧ ಗಾಲಿಯಷ್ಟು ಹಿಂದೆ ಬಿದ್ದಳು. ತಂಡಕ್ಕೆ ಬೇಕಿದ್ದವಳು ಒಬ್ಬಳೇ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ನಂದ ತಪ್ಪಾತವ್ವಾ. ಬೈಯೂದಿದ್ದರ ಬೈದುಬಿಡು," ಎಂದು ಮಗಳ ಮುಂದೆ ಅಂಗಲಾಚಿದ.

ಅವಳು ಬೈಯಲಿಲ್ಲ. "ಬೆನ್ನ ಒಂಚೂರೂ ನೋಯಾಕತ್ತಿಲ್ರಿ ಅಪ್ಪಾ," ಎಂದಳಷ್ಟೇ. ಮರುದಿನದಿಂದ ಸೈಕಲ್ ಮುಟ್ಟಲಿಲ್ಲ. ತಿಂಗಳಾದ ಮೇಲೆ ಅದನ್ನು ಅವನ ಮುಂದೆ ತಂದು ನಿಲ್ಲಿಸಿ, "ನೀವ ಹೊಡೀರಿ. ನಿಮ್ಮ ವಯಸ್ಸಿಗೆ ಚಲೋ ಐತಿ," ಎಂದಳು.

ಈಗ ಮಲಕಾಜಪ್ಪ ಪ್ರತಿ ಗುರುವಾರ ಬೆಳಿಗ್ಗೆ ಅದೇ ಸೈಕಲ್ಲಿನಲ್ಲಿ ಅಕ್ಕಲಕೋಟಕ್ಕೆ ದರ್ಶನಕ್ಕೆಂದು ಹೋಗುತ್ತಾನೆ. ಪಂದ್ಯ ಮುಗಿದ ಜಾಗ ಬಂದರೆ ತುಳಿಯುವುದನ್ನು ನಿಲ್ಲಿಸುತ್ತಾನೆ. ಮೊನ್ನೆ ಅಲ್ಲಿ ಬೇಕೆಂದೇ ಸೈಕಲ್ಲನ್ನು ದೊಡ್ಡ ಗುಂಡಿಗೆ ಇಳಿಸಿದ. ಬೆನ್ನಿಗೆ ಏನೂ ತಾಗಲಿಲ್ಲ. ಹೊರಳಿ ಬಂದು ಮತ್ತೊಮ್ಮೆ ಇಳಿಸಿದ.