ಮೀಸೆ ಬೋಳಿಸಿದ ರೋಗಾಣು

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಅವರ ಕಣ್ಣಿಗಿಂತ ಮೊದಲು ಬೆರಳು ಹುಡುಕುತ್ತದೆ. ಅಂಥವರಿಗೆ ಕ್ಷಯ ಬಂತು. ಬರಲಿ, ಮಾತ್ರೆ ನುಂಗಿದರೆ ಹೋಗುತ್ತದೆ ಎಂದುಕೊಂಡಿದ್ದೆವು. ಆಸ್ಪತ್ರೆಯ ಮೆಷೀನು ಅವರ ಕಫ ನೋಡಿ, ಈ ರೋಗಾಣುವಿಗೆ ಮುಖ್ಯ ಮಾತ್ರೆ ನಾಟುವುದಿಲ್ಲ ಎಂದುಬಿಟ್ಟಿತು.

ಬೇರೆ ಬಲವಾದ ಮಾತ್ರೆಗಳು ಶುರುವಾದವು. ಅದರಲ್ಲೊಂದು ನರ ಕೆಡಿಸಬಹುದು, ಕೈಕಾಲು ಜೋಮು ಹಿಡಿದರೆ ತಕ್ಷಣ ಹೇಳಿ ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು. ಇವರು ಹೇಳುವ ಜಾತಿಯೇ? ಕೆಮ್ಮು ನಿಂತು, ಇನ್ನೊಬ್ಬರಿಗೆ ಹರಡುವ ಭಯವಿಲ್ಲ ಎಂದಾದ ಮೇಲೆ ಅಂಗಡಿಗೆ ಮರಳಿದರು. ಒಂದು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋದರೆ, ಮಹಾಶಯರು ತೋರುಬೆರಳನ್ನು ಕಚ್ಚಿ ಕಚ್ಚಿ ನೋಡುತ್ತ ಕೂತಿದ್ದಾರೆ!

“ಏನ್ರೀ ಅದು, ಹಸಿವು ಅಷ್ಟೊಂದಾ?”

“ಅಲ್ಲ ಕಣೇ. ತುದಿ ಜುಮ್ ಅಂತಿದೆ. ಸ್ಕ್ರೂ ಮುಟ್ಟಿದ್ದೇ ಗೊತ್ತಾಗ್ತಿಲ್ಲ. ಹೇಳಿದ್ರೆ ಮಾತ್ರೆ ನಿಲ್ಲಿಸ್ತಾರೇನೋ ಅಂತ ಸುಮ್ನಿದ್ದೆ. ಜೀವ ಮುಖ್ಯ ಅಲ್ವಾ?”

“ಕೈ ಹೋದ್ರೆ ದಿನವಿಡೀ ಮನೇಲಿ ಕೂತು ನನ್ನ ತಲೆ ತಿಂತೀರಲ್ಲ, ಅದಕ್ಕೆ ಯಾವ ಮಾತ್ರೆ?” ಎಂದು ಗದರಿದೆ. ಆದರೆ ಆ ಬೆರಳಿಲ್ಲದೆ ಈ ಮನುಷ್ಯ ಬದುಕುವುದು ಹೇಗೆ? ಅಂಗಡಿ ಬಾಗಿಲು ಎಳೆಸಿ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರಮ್ಮ ನಮ್ಮನ್ನು ಕಂಡವರೇ ನಕ್ಕರು. ಇಲ್ಲಿ ಮನೆ ಹೊತ್ತಿ ಉರಿಯುತ್ತಿದೆ, ಇವರಿಗೆ ನಗು!

“ನಾನೇ ಫೋನ್ ಮಾಡೋಳಿದ್ದೆ. ಆ ಮೆಷೀನು ರೋಗಾಣುವಿನ ಜೀನ್‌ನಲ್ಲಿ ಒಂದು ಚಿಕ್ಕ ಭಾಗ ಮಾತ್ರ ನೋಡುತ್ತೆ. ಅಲ್ಲಿ ಏನೋ ಬದಲಾಗಿತ್ತು, ಮಾತ್ರೆ ನಾಟಲ್ಲ ಅಂತು. ದೊಡ್ಡ ಲ್ಯಾಬಲ್ಲಿ ಪೂರ್ತಿ ಓದಿಸಿದ್ವಿ. ಬದಲಾವಣೆ ಇರೋದು ನಿಜ, ಆದ್ರೆ ಅದರಿಂದ ರೋಗಾಣುಗೆ ಯಾವ ಬಲಾನೂ ಬಂದಿಲ್ಲ. ಅದನ್ನ ಬೆಳೆಸಿ ಮಾಮೂಲಿ ಔಷಧಿ ಹಾಕಿದ್ರೆ ಸತ್ತೇ ಹೋಯ್ತು.”

“ಅಂದ್ರೆ, ಮೀಸೆ ಬೋಳಿಸ್ಕೊಂಡು ಬಂದ ಯಜಮಾನನ್ನ ನೋಡಿ ಮನೆ ನಾಯಿ ಬೊಗಳಿದ ಹಾಗೆ?”

“ಥೇಟ್ ಹಾಗೇ! ಆಸಾಮಿ ಅವನೇ.”

“ಹಾಗಾದ್ರೆ ಇವರಿಗೆ ಇಷ್ಟು ದಿನ ಸುಮ್ಸುಮ್ನೆ ವಿಷ ನುಂಗಿಸಿದ್ರಾ? ನೋಡಿ, ಬೆರಳೇ ಜೋಮು ಹಿಡಿದಿದೆ!” ನನಗೆ ಸಿಟ್ಟು ನೆತ್ತಿಗೇರಿತು.

“ನಾಯಿ ಬೊಗಳಿದಾಗ ಬಹಳ ಸಲ ಕಳ್ಳನೇ ಇರ್ತಾನಮ್ಮ,” ಎಂದರು ಡಾಕ್ಟರಮ್ಮ ಮೆಲ್ಲಗೆ. “ಕಾಯ್ತಾ ಕೂತಿದ್ರೆ ಜೀವಕ್ಕೇ ಕುತ್ತು. ಇವತ್ತಿಂದ ಆ ಮಾತ್ರೆ ಬೇಡ, ಮಾಮೂಲಿ ಸಾಕು. ಬೇಗ ಗೊತ್ತಾಗಿದೆ, ಬೆರಳು ಸರಿ ಹೋಗೋ ಸಾಧ್ಯತೆ ಜಾಸ್ತಿ. ನಿಧಾನ ಆಗುತ್ತೆ.”

ಅಂದಿನಿಂದ ನಾನೇ ಪರೀಕ್ಷಕಿ. ಬೆಳಿಗ್ಗೆ ಕಣ್ಣು ಮುಚ್ಚಿಸಿ, ಅಂಗೈಯಲ್ಲಿ ಏನಾದರೊಂದು ಇಟ್ಟು ಕೇಳುವುದು.

“ಗುಂಡಿ.”

“ಕರ್ಮ! ಕಡಲೆಕಾಳು ಅದು. ಅಂಗಿಗೆ ಹೊಲ್ಕೊಂಡೀರಿ ಮತ್ತೆ!”

ಇಬ್ಬರೂ ನಗುತ್ತಿದ್ದೆವು. ಅವರು ಅಂಗಡಿಗೆ ಹೋದ ಮೇಲೆ ನಾನು ಒಬ್ಬಳೇ ಅಳುತ್ತಿದ್ದೆ. ವಾರಗಳು ಉರುಳಿದವು, ಕಡಲೆ ಗುಂಡಿಯಾಗಿಯೇ ಉಳಿಯಿತು.

ಒಂದು ಬೆಳಿಗ್ಗೆ ಎಂದಿನಂತೆ ಕಾಳು ಇಡಲು ಹೋದೆ. ಮುಚ್ಚಿದ ಕಣ್ಣಲ್ಲೇ ಅವರು ನನ್ನ ಕೈ ಹಿಡಿದರು. ತೋರುಬೆರಳು ನನ್ನ ಹೆಬ್ಬೆರಳ ಬುಡಕ್ಕೆ ಬಂದು ಗಕ್ಕನೆ ನಿಂತಿತು.

“ಇದೇನಿದು, ಸಣ್ಣ ಬೊಬ್ಬೆ? ಸುಟ್ಕೊಂಡ್ಯಾ? ಯಾವಾಗ? ಮನೇಲಿ ಗಂಡ ಅನ್ನೋನೊಬ್ಬ ಇದ್ದಾನೆ, ಹೇಳ್ಬಾರ್ದಾ? ಬುದ್ಧಿ ಬೇಡ್ವಾ ನಿನಗೆ?”

ನನ್ನ ಕಣ್ಣಿಂದ ನೀರು ದಳದಳ ಇಳಿಯಿತು, ನಗು ತಡೆಯಲಾಗಲಿಲ್ಲ.

“ಬೈಯಿರಿ,” ಎಂದೆ. “ಬಾಯಿ ತುಂಬ ಬೈಯಿರಿ.”