ಫಸ್ಟ್ ಪೀಸ್ ನೋಡ್ದಾ?

ಒಂಬತ್ತು ಕೆಬಿ, ಒಂಬತ್ತು ಕೆಬಿ, ಮತ್ತೆ ಒಂಬತ್ತು, ಕೆಳಗಿಳಿದರೂ ಒಂಬತ್ತೇ — ಪರದೆಯ ಮೇಲೆ ಇನ್ನೂರ ಹದಿನಾಲ್ಕು ಫೈಲುಗಳು, ಗೇರು, ಬುಶ್ಶು, ಶಾಫ್ಟು, ಹೆಸರು ಬೇರೆ ಬೇರೆ, ಗಾತ್ರ ಮಾತ್ರ ಎಲ್ಲದಕ್ಕೂ ಒಂದೇ, ನಲವತ್ತು ಹಲ್ಲಿನ ಗೇರಿಗೂ ಬೋಳು ಬುಶ್ಶಿಗೂ ಒಂದೇ ಗಾತ್ರ ಹೇಗೆ ಬರುತ್ತದೆ ಶಿವಗಂಗಾ, ಶನಿವಾರ ನಿನ್ನ ಕಣ್ಣೇನು ಬಾಡಿಗೆಗೆ ಕೊಟ್ಟಿದ್ದೆಯಾ — ನನ್ನನ್ನೇ ಬೈದುಕೊಳ್ಳುತ್ತ ಒಂದನ್ನು ತೆರೆದೆ, ಇನ್ನೊಂದು, ಮತ್ತೊಂದು, ಎಲ್ಲದರೊಳಗೂ ಅದೇ ಒಂದು ಸಾಲು, ದಯವಿಟ್ಟು ಲಾಗಿನ್ ಆಗಿ. ಪಟ್ಟಿ ಎಲ್ಲರಿಗೂ ತೆರೆದಿತ್ತು, ಡ್ರಾಯಿಂಗಿಗೆ ಮಾತ್ರ ಲಾಗಿನ್ ಬೇಕಿತ್ತು, ನಾನು ಕೇಳಿದ್ದು ಡ್ರಾಯಿಂಗು, ವೆಬ್‌ಸೈಟು ತೋರಿಸಿದ್ದು ಬಾಗಿಲಿನ ಬೋರ್ಡು, ಎಲ್ಲವನ್ನೂ ಒಟ್ಟಿಗೆ ಇಳಿಸಲು ನಾನು ಬರೆದ ಕಮಾಂಡು ಮಹಾ ವಿಧೇಯ, ಆ ಬೋರ್ಡನ್ನೇ ಇನ್ನೂರ ಹದಿನಾಲ್ಕು ಸಲ ಹೊತ್ತು ತಂದು ಗೇರು, ಬುಶ್ಶು ಎಂದು ಹೆಸರಿಟ್ಟು ಸಾಲಾಗಿ ಜೋಡಿಸಿಟ್ಟಿದೆ. ಶನಿವಾರ ನಾನು ಬರೀ ಎಣಿಸಿದೆ. ಲೆಕ್ಕ ಸರಿಯಾಗಿತ್ತು. ಎಣಿಸಿ ಎದ್ದುಬಿಟ್ಟೆ.

ಹನ್ನೆರಡು ಗಂಟೆ ಎಂಟು ನಿಮಿಷ, ಒಂದು ಗಂಟೆಗೆ ನಮ್ಮ ಡ್ರಾಯಿಂಗುಗಳ ಸ್ಕ್ಯಾನು ಇಟ್ಟುಕೊಂಡಿರುವ ಆ ವೆಬ್‌ಸೈಟಿನವರು ಅಂಗಡಿ ಮುಚ್ಚುತ್ತಾರೆ, ತಿಂಗಳಿನಿಂದ ಹೇಳುತ್ತಲೇ ಇದ್ದರು, ನಿಮ್ಮ ಸ್ಕ್ಯಾನುಗಳನ್ನು ಇಳಿಸಿಕೊಳ್ಳಿ, ಆಮೇಲೆ ನಮ್ಮನ್ನು ಕೇಳಬೇಡಿ ಎಂದು — ಕಾಗದ ಇದ್ದಿದ್ದರೆ ಚಿಂತೆ ಇರಲಿಲ್ಲ, ಕಾಗದ ಎಲ್ಲಿದೆ, ಸೋಮವಾರ ಬೆಳಗ್ಗೆ ಮಾಲೀಕ ಸಿದ್ಧಾರ್ಥ್ ಸಾರ್ ಡ್ರಾಯಿಂಗುಗಳ ಬೀರುವಿನ ಮೇಲೆ ಕೈಯಿಟ್ಟುಕೊಂಡು ಕೇಳಿದರು, ಎಲ್ಲಾ ಸೇಫ್ ತಾನೇ ಶಿವಗಂಗಾ, ಹಂಗಾದ್ರೆ ಇದನ್ನ ಖಾಲಿ ಮಾಡಿಸ್ಬಿಡ್ತೀನಿ, ಹೊಸ ಮೆಷಿನ್‌ಗೆ ಜಾಗ ಬೇಕು, ನಾನು ತಲೆಯೆತ್ತದೆ ಹೇಳಿದೆ, ಸೇಫ್ ಸಾರ್. ಗುಜರಿಯವನ ಆಟೋ ಬಂತು, ಸುರುಳಿಗಳು ಹೋದವು, ಈಗ ತಾನೇ ಓಡಿ ಹೋಗಿ ಕೇಳಿದರೆ ಅವನು, ಪೇಪರ್ ಲೋಡು ಅವತ್ತೇ ಹೋಯ್ತಕ್ಕ, ಈಗಾಗ್ಲೇ ಅರೆದಿರ್ತಾರೆ ಅಂದ. ಅರೆದಿರುತ್ತಾರೆ! ಮೂವತ್ತೆಂಟು ವರ್ಷ ನಮ್ಮ ಮಾಸ್ತರು ನರಸಿಂಹಯ್ಯನವರು ಕೈಯಲ್ಲಿ ಬರೆದ ಡ್ರಾಯಿಂಗುಗಳು, ತಯಾರಿಸಿದ ಕಂಪನಿಗಳೇ ಮುಚ್ಚಿಹೋದ ಹಳೇ ಪ್ರಿಂಟಿಂಗ್ ಮೆಷಿನ್ನುಗಳ ಸವೆದ ಭಾಗಗಳನ್ನು ಅಳೆದು ಅಳೆದು ಬರೆದದ್ದು, ಪೀಣ್ಯದಲ್ಲಿ ನಮ್ಮ ಶೆಡ್ಡು ಇವತ್ತಿಗೂ ಬದುಕಿರುವುದೇ ಅವುಗಳಿಂದ, ಬೇರೆ ಯಾರ ಹತ್ತಿರವೂ ಇಲ್ಲ. ಅವು ಹೋದರೆ ಶೆಡ್ಡು ಹೋಯಿತು, ನಾವು ಹನ್ನೊಂದು ಜನರೂ ಹೋದೆವು, ಅದಕ್ಕೆ ಕಾರಣ ನಾನು.

ಅಳಬೇಡ, ಅಳುವುದಕ್ಕೆ ಒಂದು ಗಂಟೆಯ ನಂತರ ಬೇಕಾದಷ್ಟು ಹೊತ್ತಿದೆ. ಅವ್ವ ಸುರಪುರದಲ್ಲಿ ಒಲೆಯ ಮುಂದೆ ಕೂತು ಹೇಳುತ್ತಿದ್ದಳು, ತಿರುವಿ ನೋಡ್ಲಾರ್ದೆ ರೊಟ್ಟಿ ಬುಟ್ಟಿಗಿ ಹಾಕಬ್ಯಾಡ ಹುಡುಗಿ, ಮ್ಯಾಲ ಚಂದ ಇರ್ತದ, ತಳಾ ಹೊತ್ತಿರ್ತದ — ಅದನ್ನೇ ಇಲ್ಲಿ ಫಸ್ಟ್ ಪೀಸ್ ಅನ್ನುತ್ತಾರೆ, ಮೆಷಿನ್ ಕಟ್ಟಿ ಮೊದಲ ಪೀಸ್ ತೆಗೆದು ನರಸಿಂಹಯ್ಯನವರ ಮೇಜಿಗೆ ಒಯ್ಯಬೇಕು, ಅವರು ಅಳೆಯಬೇಕು, ಒಪ್ಪಿದರೆ ಸಹಿ ಗಿಹಿ ಏನಿಲ್ಲ, ಎಣ್ಣೆ ಮೆತ್ತಿದ ಹೆಬ್ಬೆಟ್ಟನ್ನು ಡ್ರಾಯಿಂಗಿನ ಕೆಳಗಿನ ಬಲಮೂಲೆಯಲ್ಲಿ ಒತ್ತುತ್ತಾರೆ, ಆ ಕರಿ ಹೆಬ್ಬೆಟ್ಟು ಬಿದ್ದ ಮೇಲೆಯೇ ಉಳಿದ ಲಾಟು ಓಡಬೇಕು. ಸೇರಿದ ಹೊಸದರಲ್ಲಿ ನಾನು ಮೊದಲ ಪೀಸ್ ತೋರಿಸದೆ ಲೇತಿನಲ್ಲಿ ನಲವತ್ತು ಬುಶ್ಶು ತಿರುವಿಬಿಟ್ಟಿದ್ದೆ, ನಲವತ್ತೂ ಅರ್ಧ ಮಿಲಿಮೀಟರು ದಪ್ಪ, ಅವರು ಬೈಯಲಿಲ್ಲ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಹೇಳಿದರು, ತಪ್ಪು ಒಂದೇ ಕಣವ್ವಾ, ಅದನ್ನ ನಲ್ವತ್ತು ಮಾಡ್ದೋಳು ನೀನು. ಈಗ ಇನ್ನೂರ ಹದಿನಾಲ್ಕು ಮಾಡಿದ್ದೇನೆ ಮಾಸ್ತರ, ಬೆಳೆದಿದ್ದೇನೆ ನೋಡಿ.

ಲಾಗಿನ್ನು ಅವರ ಹೆಸರಿನಲ್ಲಿದೆ, ಆರು ಅಂಕಿಯ ಒಟಿಪಿ ಬರುವುದು ಅವರ ಫೋನಿಗೆ, ಅಂದರೆ ಫೋನ್ ಮಾಡಲೇಬೇಕು. ಸುಮ್ಮನೆ ಒಟಿಪಿ ಕೇಳಿದರಾಯಿತು, ಏನೋ ಸಣ್ಣ ಚೆಕಿಂಗು ಅಂದರಾಯಿತು, ಪಾಪ, ಸಕ್ಕರೆ ಕಾಯಿಲೆ ಕಣ್ಣನ್ನು ತಿಂದು ನಾಗಸಂದ್ರದ ಮನೆಯಲ್ಲಿ ಕೂತಿದ್ದಾರೆ, ಅವರಿಗೇಕೆ ಹೊಟ್ಟೆಯುರಿ — ಪಾಪವಂತೆ, ನಿನ್ನ ಮಾನ ಉಳಿಸಿಕೊಳ್ಳುವುದಕ್ಕೆ ಅವರ ಹೆಸರು ಹೇಳಬೇಡ. ರಿಂಗಾಗುತ್ತಿದೆ. ಯಾಕವ್ವಾ ಶಿವಗಂಗಾ, ಉಸುರು ಇಂಗೆ ಎಳ್ಕಂತಾ ಇದೀಯ, ಅಂದರು. ಮಾಸ್ತರ, ಡ್ರಾಯಿಂಗ್ ಬಂದಿಲ್ರೀ, ಶನಿವಾರ ಬಂದಾವ ಅಂದಿದ್ನಲ್ರೀ, ಒಂದೂ ಬಂದಿಲ್ಲ, ಕಾಗದಾನೂ ಗುಜರಿಗಿ ಹೋಗ್ಯಾವ. ಅವರು ಕೇಳಿದ್ದು ಒಂದೇ ಮಾತು, ಫಸ್ಟ್ ಪೀಸ್ ನೋಡ್ದಾ? ಇಲ್ರೀ, ನೋಡ್ಲಿಲ್ಲ, ಅಂದೆ. ಎಷ್ಟೊತ್ತಿದೆ? ಇನ್ನ ನಲವತ್ತು ನಿಮಿಷ ಅದ. ಅಂಗಾರೆ ಅಳ್ತಾ ಕೂರಬ್ಯಾಡ, ಟೂಲ್ ಕಟ್ಟು, ಕೆಲ್ಸ ಸುರು ಮಾಡು.

ಫೋನ್ ಇಟ್ಟೆ, ಲಾಗಿನ್ ಒತ್ತಿ ಅವರ ಫೋನಿಗೆ ಒಟಿಪಿ ಕಳಿಸಿದೆ, ಅಂಕಿ ಓದಿಸಿಕೊಳ್ಳಲು ಮತ್ತೆ ಫೋನ್ ಮಾಡಿದೆ, ಈ ಸಲ ಅವರ ಹೆಂಡತಿ ಚಿಕ್ಕಮುನಿಯಮ್ಮ ಎತ್ತಿಕೊಂಡರು, ಅಕ್ಷರ ಬರುವುದಿಲ್ಲ, ಆದರೆ ಯಶವಂತಪುರಕ್ಕೆ ಸೊಪ್ಪು ಮಾರಲು ಹೋಗುತ್ತಿದ್ದ ಕಾಲದಿಂದ ಬಸ್ಸಿನ ನಂಬರು ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ತಡಿಯವ್ವ, ಇನ್ನೂರೈವತ್ತೆಂಟು, ನೆಲಮಂಗ್ಲದ ಬಸ್ಸು, ಆಮ್ಯಾಕೆ ನಾನೂರೊಂದು, ಯಲಹಂಕದ್ದು, ಅಷ್ಟೇಯ — ಅಷ್ಟೇ ಅಜ್ಜಿ, ಅಷ್ಟೇ ಸಾಕು, ಎರಡು ಬಸ್ಸು ಹತ್ತಿ ಒಳಗೆ ಬಂದೆ ನಾನು! ಈಗ ಬ್ರೌಸರು ಒಳಗಿದೆ, ಕಮಾಂಡು ಹೊರಗಿದೆ, ಬ್ರೌಸರಿಗೆ ಸಿಕ್ಕ ಗುರುತಿನ ಸಾಲನ್ನು ತೆಗೆದು ಕಮಾಂಡಿನ ಕೈಗೂ ಕೊಡಬೇಕು, ಗೇಟ್ ಪಾಸ್ ಇಲ್ಲದೆ ಪೀಣ್ಯದಲ್ಲಿ ಯಾವ ಗಾಡಿ ತಾನೇ ಮಾಲು ಹೇರಿಕೊಂಡು ಹೊರಡುತ್ತದೆ, ಶನಿವಾರ ನಾನು ಮಾಡಿದ್ದು ಅದನ್ನೇ, ಪಾಸಿಲ್ಲದ ಗಾಡಿ ಕಳಿಸಿದ್ದು. ಊಟದ ಡಬ್ಬಿ ಹಿಡಿದು ಸಿದ್ಧಾರ್ಥ್ ಸಾರ್ ಬಾಗಿಲಲ್ಲಿ ನಿಂತಿದ್ದಾರೆ, ಏನಾಯ್ತು, ಮುಖ ಯಾಕೆ ಹಂಗಾಗಿದೆ, ಅಂತ. ತಪ್ಪು ಮಾಡಿದ್ದೇನೆ ಸಾರ್, ಸರಿ ಮಾಡ್ತಾ ಇದ್ದೇನೆ, ಒಂದು ಗಂಟೆಗೆ ಎಲ್ಲಾ ಹೇಳ್ತೀನಿ, ಅಂದೆ, ನನ್ನ ದನಿ ಕೇಳಿ ಡಬ್ಬಿ ಹಿಡಿದು ಊಟಕ್ಕೆ ಹೋದರು.

ಹನ್ನೆರಡು ಮೂವತ್ತಾರು, ಬೆರಳು ಇಡೀ ಪಟ್ಟಿಯನ್ನೇ ಒಮ್ಮೆಗೆ ಎಳೆಯಲು ತುಡಿಯುತ್ತಿದೆ, ಹೊತ್ತಿಲ್ಲ, ಹೊತ್ತಿಲ್ಲ — ಇಲ್ಲ, ಒಂದು, ಮೊದಲು ಒಂದೇ ಒಂದು. ಬಂತು, ಎಂಟುನೂರ ಹನ್ನೆರಡು ಕೆಬಿ, ತೆರೆ, ತೆರೆಯದೆ ನಂಬಬೇಡ, ತೆರೆದೆ, ಹಳದಿ ತಿರುಗಿದ ಕಾಗದ, ಪೆನ್ಸಿಲ್ ಗೆರೆ, ಗೇರು, ಮೂವತ್ತಾರು ಹಲ್ಲು, ಕೆಳಗಿನ ಬಲಮೂಲೆ, ಅಯ್ಯೋ ಅಲ್ಲಿದೆ, ಕರಿ ಹೆಬ್ಬೆಟ್ಟು, ಗೆರೆಗೆರೆಯೂ ಕಾಣುತ್ತದೆ, ಮಧ್ಯದಲ್ಲಿ ಅಡ್ಡಕ್ಕೆ ಹಳೇ ಗಾಯದ ಬಿಳಿ ಗೀರು. ಈಗ ಓಡಲಿ ಲಾಟು. ಒಂದು ಸಾವಿರದ ನೂರು ಕೆಬಿ, ಆರುನೂರ ತೊಂಬತ್ತು, ಒಂಬೈನೂರ ಏಳು, ಒಂದರಂತೆ ಒಂದಿಲ್ಲ, ಒಂದರಂತೆ ಒಂದಿಲ್ಲದ್ದು ಎಷ್ಟು ಚೆನ್ನ, ಎಂಬತ್ತು, ನೂರು, ನೂರ ಮೂವತ್ತಕ್ಕೆ ನಿಂತಿತು, ಬಾ ತಾಯಿ, ನಿನ್ನ ಕಾಲಿಗೆ ಬೀಳುತ್ತೇನೆ, ನೆಟ್ ಕೊಡುತ್ತಿದ್ದ ಫೋನನ್ನು ಸಿಗ್ನಲ್ ಸಿಗಲೆಂದು ಕಿಟಕಿಯ ಕಂಬಿಗೆ ಆನಿಸಿಟ್ಟೆ, ಮತ್ತೆ ಹೊರಟಿತು, ನೂರ ಎಂಬತ್ತು, ಇನ್ನೂರ ಹತ್ತು. ಹನ್ನೆರಡು ಐವತ್ತೇಳಕ್ಕೆ ಇನ್ನೂರ ಹದಿನಾಲ್ಕು.

ಒಂದು ಗಂಟೆಗೆ ಆ ಬಾಗಿಲು ಮುಚ್ಚಿತು, ಮುಚ್ಚಲಿ. ಕೊಟ್ಟ ಮಾತಿನಂತೆ ಸಾರ್‌ಗೆ ಎಲ್ಲಾ ಹೇಳಿಬಿಟ್ಟೆ. ಇನ್ನು ಗಿಟ್ಟಿಗೆ ಸೇರಿಸಬೇಕು, ನಮ್ಮ ಕಂಪ್ಯೂಟರಿನ ಈ ಉಗ್ರಾಣ ಏನನ್ನೂ ಮರೆಯುವುದಿಲ್ಲ, ಯಾರು, ಯಾವಾಗ, ಏನು ಇಟ್ಟರು, ಏನೆಂದು ಬರೆದರು, ಎಲ್ಲವೂ ಅಲ್ಲಿರುತ್ತದೆ, ಶನಿವಾರ ನಾಲ್ಕು ನಲವತ್ತು, ಶಿವಗಂಗಾ, ಇನ್ನೂರ ಹದಿನಾಲ್ಕು ಡ್ರಾಯಿಂಗ್ ಬಂದಿವೆ, ನೋಡಿದ್ದೇನೆ. ನೋಡಿದ್ದೇನೆ ಅಂತ ಬರೆದಿದ್ದೇನೆ! ಆ ಸಾಲನ್ನು ಅಳಿಸುವ ಕಮಾಂಡೂ ಇದೆ, ನನಗೆ ಬರುತ್ತದೆ, ಹೊಡೆದರೆ ಯಾರಿಗೂ ತಿಳಿಯುವುದಿಲ್ಲ, ಹೊಡೆಯುವುದಿಲ್ಲ, ಇರಲಿ ಅಲ್ಲೇ, ಮೇಜಿನ ಮೇಲೆ ನಿಂತ ನಲವತ್ತು ಬುಶ್ಶಿನ ಹಾಗೆ. ಕೂತು ಒಂದೊಂದನ್ನೇ ತೆರೆದೆ, ಊಟ ಬಿಟ್ಟು, ಎಲ್ಲರ ಊಟ ಮುಗಿದು ಮೆಷಿನ್ನುಗಳು ಮತ್ತೆ ಶುರುವಾದರೂ ಬಿಡದೆ, ಪ್ರತಿಯೊಂದರ ಕೆಳಗಿನ ಬಲಮೂಲೆ, ಹೆಬ್ಬೆಟ್ಟು, ಹೆಬ್ಬೆಟ್ಟು, ಹೆಬ್ಬೆಟ್ಟು, ಇದೊಂದೇ ಕೊನೆಯದು, ಇದನ್ನು ನೋಡಿ ಬರೆದುಬಿಡುತ್ತೇನೆ, ಶನಿವಾರ ನಾನು ನೋಡಿರಲಿಲ್ಲ, ಇವತ್ತು ನೋಡಿದೆ, ಎಂದು.

ಇನ್ನೂರ ಹದಿನಾಲ್ಕು, ಶಾಫ್ಟು, ಕೆಳಗಿನ ಬಲಮೂಲೆ ಖಾಲಿ — ಯಾಕೆ ಖಾಲಿ, ಇದು ಅವರ ಕೊನೆಯ ವಾರದ್ದು, ನನಗೆ ನೆನಪಿದೆ, ಪೀಸನ್ನು ನಾನೇ ಒಯ್ದೆ, ಅವರು ಕೈಯಲ್ಲಿ ಹಿಡಿದು ಬೆರಳಾಡಿಸಿದರು, ಮೈಕ್ರೋಮೀಟರ್ ತೆಗೆಯಲಿಲ್ಲ, ಯಾಕೆ ತೆಗೆಯಲಿಲ್ಲ ಎಂದು ಆವತ್ತು ನನಗೆ ಹೊಳೆಯಲೇ ಇಲ್ಲ, ನೀನು ನೋಡ್ದಾ ಮಗ, ಅಂದರು, ನೋಡೀನ್ರೀ ಮಾಸ್ತರ, ಅಂದೆ, ಆವತ್ತು ನಿಜವಾಗಿಯೂ ನೋಡಿದ್ದೆ, ಸರಿ ಬಿಡು ಅಂತ ಕಾಗದದ ಮೇಲೆ ಕೈ ತಡವಿದರು — ಇಗೋ ಇಲ್ಲಿದೆ, ಮೂಲೆಯಲ್ಲಿಲ್ಲ, ಗೆರೆಯ ಹೊರಗಿಲ್ಲ, ನಟ್ಟನಡುವೆ, ವ್ಯಾಸದ ಅಂಕಿಯ ಮೇಲೆಯೇ, ಅಂಕಿ ಮುಚ್ಚಿಹೋಗಿದೆ, ಅವರಿಗೆ ಮೂಲೆ ಕಂಡಿಲ್ಲ, ಅಂಕಿಯೂ ಕಂಡಿಲ್ಲ, ನೋಡೀನಿ ಅಂದ ನನ್ನ ಮಾತೊಂದನ್ನೇ ನಂಬಿ ಒತ್ತಿದ್ದು — ಕರಿ ಹೆಬ್ಬೆಟ್ಟು, ಅಡ್ಡಕ್ಕೆ ಬಿಳಿ ಗೀರು, ಹೆಬ್ಬೆಟ್ಟು