ಮೂವತ್ತೇಳನೆಯ ಅರ್ಥ

ಪುಸ್ತಕ ನೂರ ತೊಂಬತ್ತೆಂಟನೆಯ ಪುಟಕ್ಕೇ ಮುಗಿದುಹೋಗಿತ್ತು. ಹೆಸ್ಟರ್ ಕೈಯಲ್ಲಿದ್ದ ಚೀಟಿಯಲ್ಲಿ ಮಾತ್ರ ‘ಪುಟ ೨೧೨’ ಎಂದು ಮುತ್ತು ಪೋಣಿಸಿದಂತೆ ಬರೆದಿತ್ತು.

ಇಂಗ್ಲಿಷ್ ನಿಘಂಟು ಕಚೇರಿಯಲ್ಲಿ ಅವಳು ‘ಸೆಟ್’ ಎಂಬ ಒಂದೇ ಪದಕ್ಕೆ ಎರಡು ವರ್ಷ ಸವೆಸಿದ್ದಳು. ಸೂರ್ಯ ಮುಳುಗುವುದು, ಮುರಿದ ಮೂಳೆ ಕೂಡುವುದು, ಬಲೆ ಒಡ್ಡುವುದು, ಹೀಗೆ ಮೂವತ್ತಾರು ಅರ್ಥಗಳನ್ನು ಹಿರಿಯರು ಗುರುತಿಸಿದ್ದರು. ಮೂವತ್ತೇಳನೆಯದು ಅವಳದೇ ಶೋಧ: ಸಂಜೆ ಕಡಲು ತೆರೆಯಿಲ್ಲದೆ ಸುಮ್ಮನಾಗುವುದು. ಅದಕ್ಕೆ ಆಧಾರ, ಆ ಪುಸ್ತಕದ ಸಾಲೆಂದು ನಕಲು ಮಾಡಿ ಕಳಿಸಿದ್ದ ಈ ಚೀಟಿಯೊಂದೇ. ಅಚ್ಚಾದ ಪುಸ್ತಕದ ಸಾಲಿಲ್ಲದೆ ಯಾವ ಅರ್ಥವೂ ನಿಘಂಟು ಸೇರುವಂತಿರಲಿಲ್ಲ. ಶುಕ್ರವಾರ ಐದನೆಯ ಸಂಪುಟ ಅಚ್ಚಿಗೆ ಹೋಗುವುದಿತ್ತು.

ಚೀಟಿ ಕಳಿಸಿದವರು ಕಾರ್ನ್‌ವಾಲ್ ಕಡಲತೀರದ ಜಾಗೊ ಟ್ರೆಲೀಸ್, ನಿವೃತ್ತ ಮೇಷ್ಟ್ರು. ಮೂವತ್ತು ವರ್ಷದಿಂದ ಪುಸ್ತಕ ಓದಿ, ಬಿಡಿಗಾಸು ಕೇಳದೆ ಚೀಟಿ ಬರೆದವರು. “ಟ್ರೆಲೀಸ್ ಬರೆದದ್ದನ್ನೂ ಪರೀಕ್ಷೆ ಮಾಡ್ಬೇಕಾ?” ಎಂದು ಸಂಪಾದಕರು ನಗುತ್ತಿದ್ದರು.

ಬುಧವಾರ ಬೆಳಗಿನ ರೈಲು ಹಿಡಿದು ಹೆಸ್ಟರ್ ಅವರ ಬಾಗಿಲು ತಟ್ಟಿದಾಗ ಸಂಜೆಯಾಗಿತ್ತು.

“ನಿಘಂಟಿನೋಳಾ! ಬಾಮ್ಮ, ಬಾ. ಕೇಸರಿ ಬನ್ ಇದೆ. ಕಲ್ಲಾಗಿದೆ, ಟೀಲಿ ಅದ್ಕೊಂಡು ತಿನ್ನು.”

ಹೆಸ್ಟರ್ ಚೀಟಿಯನ್ನು ಮೇಜಿನ ಮೇಲಿಟ್ಟಳು. “ಮೇಷ್ಟ್ರೇ, ಈ ಪುಸ್ತಕದಲ್ಲಿ ಇನ್ನೂರ ಹನ್ನೆರಡನೇ ಪುಟಾನೇ ಇಲ್ಲ.”

ಟ್ರೆಲೀಸ್ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. “ಅಂತೂ ನೀನೊಬ್ಳು ಪುಸ್ತಕ ತೆಗೆದು ನೋಡಿದ್ಯಲ್ಲ!”

“ಅಂದ್ರೆ... ನೀವೇ ಹುಟ್ಟಿಸಿದ್ರಾ?”

“ಪುಟ ನಂದು. ಮಾತು ನನ್ನ ಹೆಂಡ್ತಿ ಲವ್‌ಡೇದು. ಮೀನಿಗೆ ಉಪ್ಪು ಹಾಕೋ ಹೆಂಗಸು. ಅವಳಾಡಿದ್ದನ್ನ ಯಾವ ಮಹಾರಾಯ ಅಚ್ಚು ಹಾಕ್ತಾನೆ? ಅಚ್ಚಾಗದೆ ಇದ್ರೆ ನೀವು ಮುಟ್ಟಲ್ಲ. ಅವಳು ಹೋಗಿ ಹದಿನೆಂಟು ವರ್ಷ ಆಯ್ತು.”

“ಇದೊಂದೇ ತಾನೆ?”

“ಮುನ್ನೂರು ಇರ್ಬೋದು.”

ಹೆಸ್ಟರ್ ಕೈಯ ಬಟ್ಟಲು ತಟ್ಟೆಗೆ ಬಡಿದು ಟೀ ಚೆಲ್ಲಿತು. “ಅಚ್ಚಾಗಿರೋ ಸಂಪುಟಗಳಲ್ಲೂ?”

“ನಾಲ್ಕರಲ್ಲೂ ಇದಾಳೆ,” ಎಂದರು ಟ್ರೆಲೀಸ್.

ಅಷ್ಟರಲ್ಲಿ ಕಿಟಕಿಯಾಚೆ ಹೆಂಗಸೊಬ್ಬಳು ಮಕ್ಕಳನ್ನು ಕೂಗಿದಳು: “ಲೇ, ಬನ್ರೋ ಒಳಗೆ! ಕಡಲು ಸೆಟ್ಟಾಯ್ತು, ಕಾಣಲ್ವಾ?”

ಹೆಸ್ಟರ್ ತಿರುಗಿ ನೋಡಿದಳು. ದಡದುದ್ದಕ್ಕೂ ಒಂದೂ ತೆರೆಯಿರಲಿಲ್ಲ.

ಅವಳು ಚೀಲದಿಂದ ಪೆನ್ಸಿಲ್ ತೆಗೆದು ಪುಟಸಂಖ್ಯೆಯನ್ನೂ ಪುಸ್ತಕದ ಹೆಸರನ್ನೂ ಹೊಡೆದುಹಾಕಿ, ಆ ಜಾಗದಲ್ಲಿ ‘ಹೇಳಿದವರು’ ಎಂದು ಬರೆದಳು.

“ನಿಮ್ಮ ಹೆಂಡ್ತಿಯವರ ಹೆಸರಿಗೆ ಅಕ್ಷರ ಯಾವ್ಯಾವುದು, ಮೇಷ್ಟ್ರೇ?”

ಚೆಲ್ಲಿದ ಟೀಗೆ ಬೆರಳದ್ದಿ, ಮುದುಕರು ಮೇಜಿನ ಮೇಲೆ ಒಂದೊಂದೇ ಅಕ್ಷರ ಬರೆಯತೊಡಗಿದರು.